ಹಾಲು ಕರೆದ ಕೈಯ ಫೋಟೋ

ಶಾಂತಿಗ್ರಾಮ
ತಾ. ೧೨-೧೧-೨೦೨೪, ಮಂಗಳವಾರ

ಅವ್ವಾ ಸ್ಮಿತಾ,

ಹೇಗಿದ್ದೀಯವ್ವಾ? ಅಲ್ಲಿ ಆಗಲೇ ಹಿಮ ಬೀಳೋಕೆ ಶುರುವಾಗಿದೆ ಅಂದಿದ್ದೆ. ಕಾಲಿಗೆ ಎರಡೆರಡು ಸಾಕ್ಸು ಹಾಕ್ಕೊಳ್ತಿದ್ದೀಯಾ? ಹೋದ ಸಲ ರಜಾದಲ್ಲಿ ಬಂದಾಗ ನಿನ್ನ ತುಟಿ ಒಡೆದು ರಕ್ತ ಬಂದಿದ್ದು ಇನ್ನೂ ನನ್ನ ಕಣ್ಣಲ್ಲೇ ಇದೆ. ತುಪ್ಪ ಸಿಗದಿದ್ದರೆ ಕೊಬ್ಬರಿ ಎಣ್ಣೆಯಾದರೂ ಹಚ್ಚು. ಕೆಮ್ಮು ಬಂದರೆ ನಿಮ್ಮ ಕ್ಯಾಂಪಿನ ಡಾಕ್ಟರಿಗೆ ತಕ್ಷಣ ತೋರಿಸು, ‘ಏನಾಗಲ್ಲ ಬಿಡಪ್ಪ’ ಅನ್ನಬೇಡ. ಇಲ್ಲಿ ನಾವು ಕ್ಷೇಮ. ಇದು ಕಾಗದದಲ್ಲಿ ಎಲ್ಲರೂ ಬರೆಯೋ ಕ್ಷೇಮ ಅಲ್ಲ ಕಣವ್ವ, ನಿಜವಾದ ಕ್ಷೇಮ. ನಿಮ್ಮಮ್ಮನ ತಲೆಗೆ ರೋಗ ಏರಿಲ್ಲ. ಎದೆಗೆ ಇಳಿದಿಲ್ಲ. ಕೈಗೂ ಬಂದಿಲ್ಲ. ಶನಿವಾರ ಫೋನಿನಲ್ಲಿ ನಾನು ಒದರಿದ್ದಷ್ಟೂ ತಪ್ಪು. ಮೊದಲು ಇಷ್ಟು ಓದಿಕೊ, ಒಂದು ಲೋಟ ನೀರು ಕುಡಿ, ಆಮೇಲೆ ಮುಂದಿನದನ್ನ ಓದು.

ನೀನು ಶನಿವಾರ ಸಂಜೆ ಫೋನ್ ಮಾಡಿದಾಗ ನಾನು ನಿಮ್ಮಮ್ಮನ ಸ್ಕ್ಯಾನಿನ ಫೋಟೋ ಹಾಳೆ ಕೈಯಲ್ಲಿ ಹಿಡಿದುಕೊಂಡೇ ಜಗಲಿ ಮೇಲೆ ಕೂತಿದ್ದೆ. ಒಂದು ಗಳಿಗೆ ತಡೆದು ಮಾತಾಡಬೇಕಿತ್ತು. ‘ನಿಮ್ಮಮ್ಮನ ಮೈತುಂಬ ಹರಡಿಬಿಟ್ಟಿದೆ’ ಅಂದುಬಿಟ್ಟೆ. ಆಮೇಲೆ ನೀನು ಅಂದ ಮಾತು, ‘ಅಪ್ಪಾ, ನಾಳೆ ಗಡಿಯ ಮೇಲಿನ ಪೋಸ್ಟಿಗೆ ಹೋಗ್ತೀವಿ, ಅಲ್ಲಿ ಫೋನ್ ಹತ್ತಲ್ಲ, ತಿಂಗಳ ಕೊನೆಗೆ ಕೆಳಗಿಳಿದ ದಿನಾನೇ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬತ್ತೀನಿ’ ಅಂದೆಯಲ್ಲ, ಅದು ನನ್ನ ಕಿವಿಯಲ್ಲಿ ಕೂತಿದೆ. ಲೈನ್ ಕಟ್ಟಾಯಿತು. ನಿನ್ನೆ ವಿಷಯ ತಿಳಿದ ಮೇಲೆ, ನೀನು ಬರೆಸಿಕೊಟ್ಟಿದ್ದ ಕ್ಯಾಂಪಿನ ನಂಬರಿಗೆ ಮಾಡಿದೆ. ಯಾರೋ ಹಿಂದಿಯವನು ತೆಗೆದ. ನನಗೆ ಬರೋ ಹಿಂದಿ ನಿನಗೇ ಗೊತ್ತು. ‘ಸ್ಮಿತಾ ಕೋ ಬೋಲೋ, ಮಾ ಠೀಕ್, ಫೋಟೋ ಠೀಕ್’ ಅಂದೆ. ಅವನು ‘ಹಾಂಜೀ, ಹಾಂಜೀ’ ಅಂತ ಇಟ್ಟುಬಿಟ್ಟ. ಅವನಿಗೆ ಅರ್ಥವಾಯಿತೋ, ನಿನಗೆ ಹೇಳ್ತಾನೋ, ಹೇಳಿದರೂ ಏನು ಹೇಳ್ತಾನೋ. ಅದಕ್ಕೇ ಈ ಕಾಗದ. ಸ್ಪೀಡ್ ಪೋಸ್ಟ್ ಮಾಡಿದರೆ ನೀನು ಇಳಿಯೋ ಹೊತ್ತಿಗೆ ಕ್ಯಾಂಪಿನಲ್ಲಿ ಕಾಯ್ತಾ ಇರುತ್ತೆ ಅಂದರು. ಏಳನೇ ಕ್ಲಾಸನ್ನ ಎರಡು ಸಲ ಶುರು ಮಾಡಿ ಎರಡು ಸಲವೂ ಮುಗಿಸದ ಕೈ ಇದು, ತಪ್ಪಿದ್ದ ಕಡೆ ನೀನೇ ತಿದ್ದಿಕೊಂಡು ಓದು.

ಮೊದಲಿನಿಂದ ಹೇಳ್ತೀನಿ, ಇಲ್ಲದಿದ್ದರೆ ‘ಅಪ್ಪ ನನ್ನ ಸಮಾಧಾನಕ್ಕೆ ಬರೀತಾನೆ’ ಅಂದುಕೊಳ್ತೀಯ. ನೀನು ಸೆಪ್ಟೆಂಬರಿನಲ್ಲಿ ಅಮ್ಮನ ಕುತ್ತಿಗೆ ಗಂಟಿನ ಮೊದಲನೇ ಕೀಮೋಗೆ ಇದ್ದು ಹೋದೆಯಲ್ಲ, ಅದಾದ ಮೇಲೆ ಎರಡು ಆಯಿತು. ಕೂದಲು ಪೂರ್ತಿ ಹೋಯಿತು. ನಿಮ್ಮಮ್ಮ ಅದಕ್ಕೇನೂ ಅಳಲಿಲ್ಲ. ‘ತಿರುಪತಿಗೆ ಓಗೋ ಬಸ್ ಚಾರ್ಜು ಉಳೀತು’ ಅಂದಳು. ಅಳ್ತಿದ್ದವನು ನಾನು, ಹುಲ್ಲಿನ ಮೆದೆ ಹಿಂದೆ. ಅಷ್ಟರಲ್ಲಿ ಡೈರಿ ಹತ್ತಿರ ಲಕ್ಕಯ್ಯ ಸಿಕ್ಕಿದ. ಅವನದು ಗೊತ್ತಲ್ಲ, ಹಾಲಿನ ಕ್ಯಾನು ಇಳಿಸೋ ಹೊತ್ತಿಗೇ ಊರಿಗೆಲ್ಲ ಔಷಧಿ ಹೇಳಿ ಮುಗಿಸಿರ್ತಾನೆ. ಮೊಬೈಲಿನಲ್ಲಿ ಯಾರದೋ ವಿಡಿಯೋ ತೋರಿಸಿದ. ಕ್ಯಾನ್ಸರು ಬದುಕೋದೇ ಸಕ್ಕರೆ ಮೇಲೆ, ಸಕ್ಕರೆ ನಿಲ್ಲಿಸಿದರೆ ಅದು ಹಸಿದು ಸಾಯುತ್ತೆ, ಡಾಕ್ಟರುಗಳು ಇದನ್ನ ಹೇಳಲ್ಲ ಅಂತ. ‘ಗಿಡ್ಡಣ್ಣ, ನೀನು ಅತ್ತಿಗೆಗೆ ದಿನಾ ಬೆಲ್ಲದ ಗಂಜಿ ಕುಡಿಸ್ತೀಯಲ್ಲ, ಅದು ಯಾರ ಹೊಟ್ಟೆಗೆ ಓಗ್ತದೆ ಅಂದ್ಕಂಡಿದ್ದೀಯ?’ ಅಂದ. ಅವತ್ತೇ ಮನೆಗೆ ಬಂದು ಬೆಲ್ಲದ ಡಬ್ಬ ಅಟ್ಟಕ್ಕೆ ಏರಿಸಿದೆ. ಬಾಳೆಹಣ್ಣು ನಿಲ್ಲಿಸಿದೆ, ಅನ್ನ ನಿಲ್ಲಿಸಿದೆ. ಮುದ್ದೆ ತಿಂದರೂ ಒಳಗೆ ಹೋಗಿ ಸಕ್ಕರೆಯೇ ಆಗುತ್ತೆ ಅಂತ ಆ ವಿಡಿಯೋದವನು ಅಂದಿದ್ದ, ಅದಕ್ಕೇ ಒಂದು ಮುದ್ದೆಯಲ್ಲಿ ಕಾಲು ಭಾಗ ಕಿತ್ತು ಕೊಡ್ತಿದ್ದೆ, ಮಿಕ್ಕಿದ್ದು ಸೊಪ್ಪು, ಸೊಪ್ಪು, ಸೊಪ್ಪು. ನಿಮ್ಮಮ್ಮ ತಟ್ಟೆ ನೋಡಿ, ‘ಇದನ್ನ ನಂಗೆ ಇಕ್ಕಿದ್ರೋ, ಕುರಿಗೆ ಇಕ್ಕೋದನ್ನ ತಪ್ಪಿ ಇಲ್ಲಿ ತಂದ್ರೋ?’ ಅಂತ ಕೇಳಿದಳು. ಆದರೂ ತಿಂದಳು. ನನ್ನ ಮುಖ ನೋಡಿ ತಿಂದಳು ಅಂತ ಈಗ ಅನ್ನಿಸುತ್ತೆ.

ಮೂರನೇ ಕೀಮೋ ಆದ ಮೇಲೆ, ಔಷಧಿ ಕೆಲಸ ಮಾಡ್ತಾ ಇದೆಯೋ ಇಲ್ಲವೋ ನೋಡೋಕೆ ಮೈಸೂರಿನಲ್ಲಿ ಒಂದು ಸ್ಕ್ಯಾನ್ ಮಾಡಿಸಿ ಅಂತ ಹಾಸನದ ಡಾಕ್ಟ್ರಮ್ಮ ಶೋಭಿತಾ ಬರೆದುಕೊಟ್ಟರು. ಮೊದಲು ಮಾಡಿಸಿದ್ದು ಬೇರೆ ಥರದ ಸ್ಕ್ಯಾನು, ಇದರ ಹೆಸರು ಪೆಟ್ ಸ್ಕ್ಯಾನ್. ಇದರಲ್ಲಿ ಔಷಧಿ ಹಿಡಿದಿಲ್ಲ ಅಂತ ಬಂದರೆ ಬೇರೆ ಗಟ್ಟಿ ಔಷಧಿಗೆ ಹೋಗಬೇಕು, ಅದು ಮೈಗೆ ಬಹಳ ಕಷ್ಟ ಅಂತಲೂ ಅಂದಿದ್ದರು. ಸ್ಕ್ಯಾನಿನವರು ಹಿಂದಿನ ದಿನ ಫೋನ್ ಮಾಡಿ ಹೇಳಿದರು: ಬೆಳಗ್ಗೆ ಖಾಲಿ ಹೊಟ್ಟೇಲಿ ಬನ್ನಿ, ನೀರು ಮಾತ್ರ ಕುಡೀಬಹುದು, ಹಿಂದಿನ ದಿನದಿಂದಲೇ ಮೈಕೈ ದಣಿಯೋ ಕೆಲಸ ಮಾಡಬಾರದು. ನಾನು ನಿಮ್ಮಮ್ಮನಿಗೆ ಮೂರು ಸಲ ಹೇಳಿದೆ. ಪಕ್ಕದ ಮನೆ ಅನಸೂಯಮ್ಮನಿಗೆ ಬೆಳಗಿನ ಹಾಲು ಕರೆಯೋಕೆ ಬರಬೇಕು ಅಂತ ಹೇಳಿಟ್ಟೆ. ಶುಕ್ರವಾರ ಬೆಳಗ್ಗೆ ಕಾಲು ಕೈ ತೊಳೆದು ನಾನು ನಿಮ್ಮಮ್ಮನಿಗಿಂತ ಮುಂಚೆಯೇ ಹೆದ್ದಾರಿಗೆ ಹೋದೆ, ಚನ್ನರಾಯಪಟ್ಟಣದ ಕಡೆಯಿಂದ ಬರೋ ಬಸ್ಸು ಎಲ್ಲಿ ತಪ್ಪಿಹೋಗುತ್ತೋ ಅಂತ. ಬಸ್ಸು ಬರೋಕೆ ಮುಕ್ಕಾಲು ಗಂಟೆ ಇತ್ತು. ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಮೈಸೂರಿನಲ್ಲಿ ನನ್ನ ಬಿ.ಪಿ. ಏರಿದ್ದು ಸೂಜಿ ಹಾಕೋ ಹೊತ್ತಿಗೆ. ಇದೇನು ಔಷಧಿ ಅಂತ ಕೇಳಿದೆ. ಆ ಹುಡುಗಿ ನಗುನಗುತ್ತಾ, ‘ಒಂಥರಾ ಸಕ್ಕರೆ ಸಾ, ಅದಕ್ಕೆ ಮಿಣಮಿಣ ಅನ್ನೋ ಒಂದು ಗುರುತು ಅಂಟಿಸಿರ್ತೀವಿ’ ಅಂದಳು. ಸಕ್ಕರೆ! ನಾನು ಅಟ್ಟಕ್ಕೆ ಏರಿಸಿದ್ದನ್ನ ಇವರು ನೇರ ರಕ್ತಕ್ಕೆ ಬಿಡ್ತಿದ್ದಾರೆ! ‘ಬೇಡ, ತೆಗೀರಿ ಸೂಜಿ’ ಅಂತ ಎದ್ದುನಿಂತೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಹುಡುಗಿ ಸಿಟ್ಟು ಮಾಡಿಕೊಳ್ಳದೆ ಕೂರಿಸಿ ಹೇಳಿದಳು. ರೋಗದ ಜೀವಕೋಶಗಳು ಬೇರೆಯವುಗಳಿಗಿಂತ ಸಕ್ಕರೆಯನ್ನ ಆತುರವಾಗಿ ಎಳ್ಕೊಳ್ತವೆ, ಈ ಸಕ್ಕರೆಯನ್ನೂ ಎಳ್ಕೊಳ್ತವೆ, ಆದರೆ ಇದನ್ನ ಅರಗಿಸಿಕೊಳ್ಳೋಕೆ ಆಗಲ್ಲ, ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಆಗ ಮಿಣಮಿಣ ಅನ್ನೋ ಆ ಜಾಗ ಫೋಟೋದಲ್ಲಿ ಕಪ್ಪಾಗಿ ಮೂಡುತ್ತೆ ಅಂತ. ನನಗೆ ಅಷ್ಟು ಸಾಕಾಗಿತ್ತು. ಕಪ್ಪು ಅಂದರೆ ರೋಗ. ಅದನ್ನ ಗಂಟು ಕಟ್ಟಿಕೊಂಡೆ. ನಿಮ್ಮಮ್ಮನನ್ನ ‘ಏನಾದರೂ ಕೆಲಸ ಮಾಡಿ ಬಂದ್ರಾ?’ ಅಂತ ಕೇಳಿದರು. ‘ಏನೂ ಇಲ್ಲ ಕಣವ್ವ’ ಅಂದಳು. ಒಂದು ಕೋಣೆಯಲ್ಲಿ ಕಂಬಳಿ ಹೊದಿಸಿ ಮಲಗಿಸಿದರು. ಮುಗಿದ ಮೇಲೆ ಇವತ್ತು ಒಂದಿನ ಯಾರಿಗೂ ತೀರ ಹತ್ತಿರ ಕೂರಬೇಡಿ, ಮೈಯಿಂದ ಕಿರಣ ಬರುತ್ತೆ ಅಂದರು. ಬಸ್ಸಿನಲ್ಲಿ ನಾನು ಹಿಂದಿನ ಸೀಟಿಗೆ ಹೋದೆ. ಹೊಳೆನರಸೀಪುರ ದಾಟೋವರೆಗೂ ನಿಮ್ಮಮ್ಮ ತಿರುಗಿ ತಿರುಗಿ ನೋಡಿ, ‘ಸದ್ಯ, ಮದ್ವೆಯಾದಾಗಿಂದ ಇವತ್ತೊಂದಿನ ಕಾಲು ಚಾಚ್ಕಂಡು ಕೂತಿವ್ನಿ’ ಅಂತ ಆ ಬದಿಯ ಕಿಟಕಿಯವಳಿಗೆ ಹೇಳ್ತಿದ್ದಳು.

ಫೋಟೋ ಇದ್ದ ಕವರನ್ನ ಸಂಜೆಯೇ ಕೊಟ್ಟಿದ್ದರು, ಡಾಕ್ಟ್ರಮ್ಮ ಸಿಗೋದು ಸೋಮವಾರ. ಸೋಮವಾರದವರೆಗೂ ತೆಗೀಬಾರದು ಅಂದುಕೊಂಡೆ. ಶನಿವಾರ ಸಂಜೆ ತಡೆಯೋಕೆ ಆಗಲಿಲ್ಲ. ನಿಮ್ಮಮ್ಮ ಮಲಗಿದ್ದಳು. ಬಿಳಿ ಹಾಳೆ, ಅದರ ಮೇಲೆ ಬೂದಿ ಬಣ್ಣದಲ್ಲಿ ನಿಮ್ಮಮ್ಮನ ಆಕಾರ. ನಾನು ಹಾಳೆಯನ್ನ ಬೆಳಕಿಗೆ ಹಿಡಿದೆ. ತಲೆ ಪೂರ್ತಿ ಇದ್ದಿಲಿನ ಹಾಗೆ ಕಪ್ಪು. ಎದೆಯ ಎಡಗಡೆ ಕಪ್ಪು. ಕಿಬ್ಬೊಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ಕಪ್ಪು. ಎರಡೂ ಕೈ ಮೊಣಕೈಯಿಂದ ಬೆರಳಿನವರೆಗೆ ಕಪ್ಪು. ಕವರಿನಲ್ಲಿದ್ದ ಇಂಗ್ಲಿಷು ನನಗೆ ಓದೋಕೆ ಬರಲ್ಲ. ಯಾರಿಗೂ ತೋರಿಸೋ ಧೈರ್ಯವೂ ಬರಲಿಲ್ಲ, ತೋರಿಸಿದರೆ ನಿಜವಾಗಿಬಿಡುತ್ತೆ ಅನ್ನಿಸ್ತು. ಕುತ್ತಿಗೇಲಿ ಮಾತ್ರ ಇದ್ದ ಗಂಟು ಮಿದುಳಿಗೆ ಏರಿತು, ಎದೆಗೆ ಇಳಿಯಿತು, ಕೈಗೂ ಬಂತು. ನಾನು ಸಕ್ಕರೆ ನಿಲ್ಲಿಸಿದ್ದಕ್ಕೆ ರೋಗ ಸಿಟ್ಟಾಗಿ ಎಲ್ಲ ಕಡೆ ಹುಡುಕಿಕೊಂಡು ಹೋಗಿದೆಯೋ ಏನೋ ಅಂತ ಕೂಡ ಯೋಚನೆ ಬಂತು. ನೀನು ನಗಬೇಡ. ಸರಿಯಾಗಿ ಆ ಹೊತ್ತಿಗೆ ನಿನ್ನ ಫೋನು ಬಂತು.

ಭಾನುವಾರ ಹೇಗೆ ಕಳೆಯಿತು ಅಂತ ಬರೆಯೋಕೆ ಹೋಗಲ್ಲ. ಸೋಮವಾರ ಹಾಸನಕ್ಕೆ ಹೋದೆವು. ಡಾಕ್ಟ್ರಮ್ಮ ಅರಕಲಗೂಡು ಕಡೆಯವರು, ನಮ್ಮ ಥರವೇ ಮಾತಾಡ್ತಾರೆ. ಕಂಪ್ಯೂಟರಿನಲ್ಲಿ ಫೋಟೋ ನೋಡ್ತಾ ನೋಡ್ತಾ ಅವರ ಹುಬ್ಬು ಮೇಲೆ ಹೋಯಿತು. ‘ವಿಜಯಮ್ಮ, ಶುಕ್ರವಾರ ಬೆಳಗ್ಗೆ ಏನು ಮಾಡಿದ್ರಿ?’ ಅಂತ ಕೇಳಿದರು. ‘ಏನೂ ಮಾಡ್ಲಿಲ್ಲ ಕಣವ್ವ.’ ‘ಹಂಗಾರೆ ಕೈ ಯಾಕೆ ಇಷ್ಟೊಂದು ಸಕ್ಕರೆ ತಿಂದವೆ?’ ‘ಏನೂ ಇಲ್ಲ ತಾಯಿ. ಎದ್ದೆ, ಸಗಣಿ ತೆಗ್ದೆ, ಎರಡು ಹಸ ಹಾಲು ಕರ್ದೆ, ಡೈರಿಗೆ ಹಾಕ್ಬುಟ್ಟು ಬಂದು ಬಸ್ ಹತ್ತಿದೆ. ಕೆಲ್ಸ ಮಾಡಬ್ಯಾಡಿ ಅಂದಿದ್ರಲ್ಲ, ಅದ್ಕೇ ಪಾತ್ರೆ ಕೂಡ ತೊಳೀಲಿಲ್ಲ.’ ಡಾಕ್ಟ್ರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕರು ನೋಡು, ಹೊರಗಿದ್ದ ನರ್ಸಮ್ಮ ಬಾಗಿಲು ತೆಗೆದು ಇಣುಕಿದಳು. ‘ಹಾಲು ಕರೆಯೋದು ಕೆಲಸ ಅಲ್ವೇನಮ್ಮ?’ ಅಂದರೆ ನಿಮ್ಮಮ್ಮ ನಿಜವಾಗಲೂ ಬೆಚ್ಚಿಬಿದ್ದವಳ ಹಾಗೆ, ‘ಅದ್ಯಾವ ಕೆಲ್ಸ? ದಿನಾ ಮಾಡೋದು’ ಅಂದಳು.

ಅನಸೂಯಮ್ಮ ಬಂದಿದ್ದಳಂತೆ. ನಿಮ್ಮಮ್ಮನೇ ಅವಳನ್ನ ಕೊಟ್ಟಿಗೆ ಬಾಗಿಲಲ್ಲಿ ತಡೆದು, ‘ನಮ್ಮ ಕೆಂಪಿ ನಿನ್ನ ಕೈಗೆ ಸೊರ ಬಿಡಲ್ಲ, ಹಾಲು ಇಳ್ಸಲ್ಲ, ಒದ್ದು ಬಿಂದಿಗೆ ಉರುಳಿಸ್ತಾಳೆ, ಇವ್ರಿಗೆ ಹೇಳ್ಬ್ಯಾಡ’ ಅಂದು ವಾಪಸ್ ಕಳಿಸಿದ್ದಾಳೆ. ನಾನು ಹೆದ್ದಾರಿಯಲ್ಲಿ ಬಸ್ಸು ಕಾಯ್ತಿದ್ದ ಮುಕ್ಕಾಲು ಗಂಟೆಯಲ್ಲಿ ಇದೆಲ್ಲ ಆಗಿದೆ. ಕೈಯ ಮಾಂಸಖಂಡ ಹಾಗೆ ದುಡಿದು ಬಂದರೆ ಅವಕ್ಕೂ ಸಕ್ಕರೆಯ ಆಸೆ, ಸೂಜಿಯಲ್ಲಿ ಕೊಟ್ಟಿದ್ದನ್ನ ಅವೇ ಎಳೆದುಕೊಂಡಿವೆ. ಅಷ್ಟೇ ಕಣವ್ವ ಕೈ ಕಪ್ಪಾಗಿದ್ದು. ನಾನು ಒಂದೊಂದಾಗಿ ಕೇಳಿದೆ. ತಲೆ? ‘ಮಿದುಳು ಬದುಕೋದೇ ಸಕ್ಕರೆ ಮೇಲೆ ಗಿಡ್ಡಯ್ಯೋರೆ, ನಿಮ್ಮ ಫೋಟೋ ತೆಗೆದರೂ ಕಪ್ಪೇ’ ಅಂದರು. ನಿಮ್ಮಮ್ಮ ‘ಇವ್ರದ್ದು ಇನ್ನೂ ಕಪ್ಪಿರ್ತದೆ, ಇಪ್ಪತ್ನಾಕು ಗಂಟೆ ಯೋಚನೆ ಓಡ್ತಿರ್ತದಲ್ಲ’ ಅಂದಳು. ಎದೆ? ಅದು ಹೃದಯ, ಅದೂ ದುಡಿಯೋ ಮಾಂಸವೇ. ಕಿಬ್ಬೊಟ್ಟೆ? ಸೂಜಿಯ ಔಷಧಿ ಮೂತ್ರದಲ್ಲಿ ಹೋಗೋಕೆ ಅಲ್ಲಿ ತುಂಬಿಕೊಂಡಿರುತ್ತೆ. ‘ಈಗ ನೀವು ಹೇಳಿ, ಕುತ್ತಿಗೆ ನೋಡಿದ್ರಾ?’ ಅಂದರು. ರೋಗ ಇದ್ದದ್ದು ಕುತ್ತಿಗೆಯಲ್ಲಿ. ನಾನು ಕಪ್ಪು ಇರೋ ಕಡೆಯೆಲ್ಲ ಬೆರಳಿಟ್ಟು ನೋಡಿದ್ದೆ, ಕುತ್ತಿಗೆ ಕಡೆ ನೋಡಿರಲೇ ಇಲ್ಲ. ಡಾಕ್ಟ್ರಮ್ಮ ಕಂಪ್ಯೂಟರನ್ನ ನಮ್ಮ ಕಡೆ ತಿರುಗಿಸಿ ತೋರಿಸಿದರು. ಗಂಟಿದ್ದ ಜಾಗದಲ್ಲಿ ತೆಳ್ಳಗೆ ಒಂದು ಬೂದಿ, ಸುತ್ತಮುತ್ತ ಇರೋ ಹಾಗೇ. ಗಂಟು ಪೂರ್ತಿ ಕರಗಿಲ್ಲ, ಗೋಲಿಯಷ್ಟು ಉಳಿದಿದೆ, ಆದರೆ ಅದಕ್ಕೆ ಹಸಿವು ಇಲ್ಲ. ಹಸಿವು ಹೋಗಿದೆ ಅಂದರೆ ಔಷಧಿ ಹಿಡಿದಿದೆ ಅಂತ. ಗಟ್ಟಿ ಔಷಧಿ ಬೇಡ, ಇದೇ ಸಾಕು, ಇನ್ನು ಮೂರು ಕೀಮೋ. ಅದಾದ ಮೇಲೆ ಇನ್ನೊಂದು ಸಲ ಫೋಟೋ ತೆಗೆದೇ ಪಕ್ಕಾ ಹೇಳೋದು ಅಂದರು, ಈಗಲೇ ಎಲ್ಲ ಮುಗೀತು ಅನ್ನೋ ಹಾಗಿಲ್ಲ. ಆದರೆ ದಾರಿ ಸರಿಯಿದೆ ಅಂದರು. ಆ ಮಾತನ್ನ ಎರಡು ಸಲ ಅವರ ಬಾಯಲ್ಲಿ ಹೇಳಿಸಿದೆ ನಾನು.

ಆಮೇಲೆ ತೂಕ ನೋಡಿದರು. ನಾಲ್ಕು ಕೆ.ಜಿ. ಇಳಿದಿದೆ. ಯಾಕೆ ಅಂದರು. ನಿಮ್ಮಮ್ಮ ಏನೂ ಬಚ್ಚಿಡಲಿಲ್ಲ, ಬೆಲ್ಲದ ಡಬ್ಬ, ಅಟ್ಟ, ಕಾಲು ಮುದ್ದೆ, ಸೊಪ್ಪು, ಲಕ್ಕಯ್ಯನ ವಿಡಿಯೋ, ಎಲ್ಲ ಹೊರಗೆ ಬಂತು. ಡಾಕ್ಟ್ರಮ್ಮ ಈ ಸಲ ನಗಲಿಲ್ಲ. ‘ವಿಡಿಯೋದವನು ಪೂರ್ತಿ ಸುಳ್ಳು ಹೇಳಿಲ್ಲ, ಅದೇ ತೊಂದರೆ’ ಅಂದರು. ನಾವು ಹಸುವಿನ ಮೇವು ಕೂಡಿಡೋ ಸೈಲೇಜ್ ಗುಂಡಿ ಮಾಡ್ತೀವಾ ಅಂತ ಕೇಳಿದರು. ಮಾಡ್ತೀವಲ್ಲ, ಜೋಳದ ಕಡ್ಡಿ ಕೊಚ್ಚಿ, ತುಳಿದು, ಗಾಳಿ ಆಡದ ಹಾಗೆ ಟಾರ್ಪಾಲು ಮುಚ್ಚಿದರೆ ಒಳಗೆ ಸಿಹಿಯೆಲ್ಲ ಹುಳಿಯಾಗುತ್ತೆ ಅಂದೆ. ಹಾಗೇ ಮೈಯ ಜೀವಕೋಶ ಅನ್ನೋ ಕಣಗಳೂ ಗಾಳಿ ಸಾಲದೆ ಹೋದಾಗ ಸಕ್ಕರೆಯನ್ನ ಅರ್ಧಂಬರ್ಧ ಹುಳಿ ಮಾಡ್ತವಂತೆ, ನೀನು ಫೋರ್ಸಿನ ಸೆಲೆಕ್ಷನ್‌ಗೆ ಓಡ್ತಿದ್ದಾಗ ಕೊನೆ ಸುತ್ತಿನಲ್ಲಿ ತೊಡೆ ಉರೀತದೆ ಅಂತಿದ್ದೆಯಲ್ಲ, ಆ ಥರ ಹೊತ್ತಲ್ಲಿ. ಗಾಳಿ ಸಾಕಷ್ಟು ಇದ್ದರೆ ಸಕ್ಕರೆಯನ್ನ ಪೂರ್ತಿ ಉರಿಸಿ ಒಂದು ಚೂರೂ ಬಿಡದೆ ಶಕ್ತಿ ತೆಗೀತವೆ. ಆದರೆ ಕ್ಯಾನ್ಸರಿನ ಕಣ ಇದೆಯಲ್ಲ, ಅದು ಗಾಳಿ ಧಾರಾಳವಾಗಿ ಇದ್ದರೂ ಹುಳಿ ಮಾಡ್ತಾ ಕೂರುತ್ತೆ. ಗುಂಡಿಯ ಬಾಯಿ ತೆರೆದಿದ್ದರೂ ಸೈಲೇಜು! ಅದಕ್ಕೇ ಅದಕ್ಕೆ ಅಷ್ಟೊಂದು ಸಕ್ಕರೆ ಬೇಕು. ‘ಹಂಗಾರೆ ಅದು ದಡ್ಡ ಮುಂಡೇದು’ ಅಂದೆ. ದಡ್ಡ ಅಲ್ಲವಂತೆ. ಸಂಸಾರ ಮಾಡೋ ಮನೆಗೆ ಸೌದೆ ಬೇಕಾಗೋದು ಒಲೆಗೆ ಮಾತ್ರ. ಕಟ್ತಾ ಇರೋ ಮನೆಯವನು ಬಂದ ಮರವನ್ನೆಲ್ಲ ಒಲೆಗೆ ಹಾಕ್ತಾನಾ? ಬಾಗಿಲಿಗೆ, ತೊಲೆಗೆ ಅಂತ ಎತ್ತಿಡ್ತಾನೆ. ಕ್ಯಾನ್ಸರಿನ ಕಣದ್ದು ಹಗಲೂ ರಾತ್ರಿ ಕಟ್ಟೋ ಕೆಲಸ, ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು. ಸಕ್ಕರೆ ಅದಕ್ಕೆ ಸೌದೆಯೂ ಹೌದು, ತೊಲೆಯೂ ಹೌದು. ಎಲ್ಲ ಕ್ಯಾನ್ಸರೂ ಒಂದೇ ಥರ ತಿನ್ನಲ್ಲ, ಕೆಲವು ಬೇರೆ ಮೇವು ಹುಡುಕ್ತವೆ ಅಂತಲೂ ಹೇಳಿದರು.

‘ಹಂಗಾರೆ ಮೇವು ನಿಲ್ಲಿಸೋದು ಸರಿಯಲ್ವಾ ಮೇಡಂ?’ ಅಂತ ನಾನು ಬಿಡಲಿಲ್ಲ. ಊಟ ನಿಲ್ಲಿಸಿದರೆ ರಕ್ತದಲ್ಲಿ ಸಕ್ಕರೆ ನಿಲ್ಲಲ್ಲವಂತೆ. ಪಿತ್ತಜನಕಾಂಗ ಅಂತ ಇದೆಯಲ್ಲ, ಅದು ಮೈಯ ಮಾಂಸವನ್ನೇ ಕರಗಿಸಿ ಸಕ್ಕರೆ ಮಾಡಿ ಕೊಡುತ್ತೆ. ಯಾಕೆಂದರೆ ಮಿದುಳಿಗೆ ಬೇಕಲ್ಲ. ಹಾಗಾಗಿ ರೋಗಕ್ಕೆ ಬೇಕಾದ್ದು ಸಿಕ್ಕೇ ಸಿಗುತ್ತೆ, ಸೊರಗೋದು ರೋಗಿ. ಡಾಕ್ಟ್ರಮ್ಮ ಇನ್ನೂ ಮುಗಿಸಿರಲಿಲ್ಲ, ನಿಮ್ಮಮ್ಮ ಬಾಯಿ ಹಾಕಿದಳು: ‘ಅದ್ನೇ ನಾನು ಅಂದ್ಕಂಡೆ. ಉಣ್ಣೆ ಹುಳ ಸಾಯ್ಲಿ ಅಂತ ಹಸೀಗೆ ಹಿಂಡಿ ನಿಲ್ಸಿದ್ರೆ ಮೊದ್ಲು ಬೀಳೋದು ಹಸನೇ ಅಲ್ವಾ?’ ಡಾಕ್ಟ್ರಮ್ಮ ‘ಇದನ್ನ ನಾನು ನಾಳೆಯಿಂದ ಎಲ್ಲರಿಗೂ ಹೇಳ್ತೀನಿ’ ಅಂದರು. ‘ಗೊತ್ತಿದ್ದೂ ಯಾಕೆ ಸುಮ್ನೆ ಸೊಪ್ಪು ತಿಂದೆ?’ ಅಂತ ಹೊರಗೆ ಬಂದ ಮೇಲೆ ಕೇಳಿದೆ. ‘ನಿಮ್ಗೆ ಏನಾದ್ರೂ ಒಂದು ಮಾಡ್ಬೇಕಿತ್ತು, ಮಾಡ್ಕಳ್ಳಿ ಅಂತ ಬಿಟ್ಟೆ’ ಅಂದಳು. ಈಗ ದಿನಕ್ಕೆ ಎರಡು ಮೊಟ್ಟೆ, ಬೇಳೆ, ಹಾಲು, ಪೂರ್ತಿ ಮುದ್ದೆ. ಬೆಲ್ಲ ಅಟ್ಟದಿಂದ ಇಳಿದಿದೆ, ಆದರೆ ಮಿತಿಯಲ್ಲಿ, ಅದು ಎಲ್ಲರಿಗೂ ಇರೋ ಮಿತಿಯೇ. ಕೊಟ್ಟಿಗೆ ಕಡೆ ಮಾತ್ರ ತಲೆ ಹಾಕೋ ಹಾಗಿಲ್ಲ. ಸಗಣಿ ಕಸ ಮುಟ್ಟಿದರೆ ಬೇರೆ ಸೋಂಕು ಅಂಟುತ್ತೆ, ಕೀಮೋ ಮುಗಿಯೋವರೆಗೂ ಇದು ಶಿಸ್ತು ಅಂತ ಡಾಕ್ಟ್ರಮ್ಮ ಬೆರಳು ತೋರಿಸಿ ಹೇಳಿದ್ದಾರೆ. ನಿನ್ನೆ ಸಂಜೆಯಿಂದ ಹಾಲು ಕರೆಯೋನು ನಾನೇ. ಕೆಂಪಿ ಒಂದು ಸಲ ಒದ್ದಳು. ನಿಮ್ಮಮ್ಮ ಕಿಟಕಿಯಲ್ಲಿ ನಿಂತು ‘ಮಾತಾಡ್ಸ್ಕಂಡು ಕರೀರಿ, ಪೊಲೀಸ್ನೋರ ಥರ ಹಿಡ್ಕಬ್ಯಾಡಿ’ ಅಂತ ಬೈತಿದ್ದಳು. ಇವತ್ತು ಬೆಳಗ್ಗೆ ನನ್ನ ಬೆರಳು ಮಡಚೋಕೆ ಆಗ್ತಿಲ್ಲ. ಅಕ್ಷರ ಸೊಟ್ಟಗಿರೋದು ಅದಕ್ಕೇ.

ಆಸ್ಪತ್ರೆಯಿಂದ ಹೊರಡೋ ಮುಂಚೆ ಡಾಕ್ಟ್ರಮ್ಮನನ್ನ ಇನ್ನೊಂದು ಕೇಳಿದೆ. ಹೀಗೆ ಇದರ ತಿನ್ನೋ ರೀತಿ ಗೊತ್ತಾದ ಮೇಲೆ ಆ ದಾರಿಯನ್ನೇ ಕಟ್ಟಿಹಾಕೋ ಔಷಧಿ ಇಲ್ಲವಾ ಅಂತ. ಕೆಲವು ಬಗೆಯ ಕ್ಯಾನ್ಸರಿಗೆ ಅಂಥ ಮಾತ್ರೆಗಳು ಬಂದಿವೆಯಂತೆ, ಮಿಕ್ಕಿದ್ದಕ್ಕೆ ಹುಡುಕ್ತಾ ಇದ್ದಾರಂತೆ. ಒಳ್ಳೆಯ ಕಣಗಳೂ ಅದೇ ಸಕ್ಕರೆ ತಿನ್ನೋದರಿಂದ ಅವಕ್ಕೆ ಏಟು ಬೀಳದ ಹಾಗೆ ಹೊಡೆಯೋದು ಕಷ್ಟ ಅಂದರು. ಯಾರೋ, ಎಲ್ಲೋ ಕೂತು ಇದನ್ನೆಲ್ಲ ಯೋಚನೆ ಮಾಡ್ತಿದ್ದಾರಲ್ಲ ಅಂತ ಬಸ್ಸಿನಲ್ಲಿ ಬರ್ತಾ ನನಗೆ ಒಂಥರಾ ಧೈರ್ಯ ಬಂತು. ಯೋಚನೆ ಮಾಡೋ ಕೆಲಸವೆಲ್ಲ ನನ್ನೊಬ್ಬನದೇ ಅಂತ ಇಷ್ಟು ದಿನ ಅಂದುಕೊಂಡಿದ್ದೆ.

ಈಗ ನಿನ್ನ ವಿಷಯ. ನೀನು ರಾಜೀನಾಮೆ ಅಂದದ್ದನ್ನ ನಿಮ್ಮಮ್ಮನಿಗೆ ನಾನು ಹೇಳಿಲ್ಲ. ನೀನು ಫೋರ್ಸಿಗೆ ಸೇರ್ತೀನಿ ಅಂದಾಗ ಬೇಡ ಅಂದವನು ನಾನು, ಕತ್ತಲಲ್ಲೇ ಎದ್ದು ನಿನ್ನ ಜೊತೆ ಟಾರ್ಚು ಹಿಡಿದು ರಸ್ತೆಗೆ ಬರ್ತಿದ್ದವಳು ಅವಳು. ಶನಿವಾರ ನೀನು ಬತ್ತೀನಿ ಅಂದಾಗ, ಆ ದುಃಖದಲ್ಲೂ, ನನಗೆ ಒಂದು ಕಡೆ ಎದೆ ಹಗುರಾಯಿತು. ನೀನು ಮನೆಯಲ್ಲಿದ್ದರೆ ಔಷಧಿ ಹೊತ್ತು ಮರೆಯಲ್ಲ, ಇಂಗ್ಲಿಷು ಓದ್ತೀಯ, ನಾನು ಯಾವುದೋ ವಿಡಿಯೋ ನಂಬಿ ಕೆಡಲ್ಲ. ಗಡಿಯಲ್ಲಿ ಏನಾಯಿತೋ ಅಂತ ಟಿ.ವಿ. ಮುಂದೆ ಕೂರೋದೂ ತಪ್ಪುತ್ತೆ. ಇದನ್ನೆಲ್ಲ ಯೋಚನೆ ಮಾಡಿದರೆ ನಾನು ಬಾ ಅಂತಲೂ ಬರೆಯಲಾರೆ, ಬೇಡ ಅಂತಲೂ ಬರೆಯಲಾರೆ. ಇರೋದನ್ನ ಇದ್ದ ಹಾಗೆ ಬರೆದಿದ್ದೀನಿ. ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು. ರಾತ್ರಿ ಡ್ಯೂಟಿ ಇದ್ದರೆ ಕಿವಿಗೆ ಬಟ್ಟೆ ಕಟ್ಟಿಕೊ.

ನಿನ್ನ ತಲೆ ಮೇಲೆ ನನ್ನ ಕೈ ಯಾವಾಗಲೂ ಇದೆ ಅಂದುಕೊ, ಆ ದೂರದಲ್ಲೂ. ಜೊತೆಯಲ್ಲಿರೋ ಹೆಣ್ಣುಮಕ್ಕಳಿಗೆಲ್ಲ ನಮ್ಮ ಆಶೀರ್ವಾದ ತಿಳಿಸು.

ನಿನ್ನ ದಾರಿ ನೋಡುವ ಅಪ್ಪ,
ಗಿಡ್ಡಯ್ಯ

ತಾ.ಕ.: ಪೋಸ್ಟಾಫೀಸಿನ ಕಟ್ಟೆ ಮೇಲೆ ಕೂತು ಬರೀತಿದ್ದೀನಿ, ಒಳಗೆ ಟಪಾಲಿನ ಚೀಲ ಕಟ್ತಾ ಇದ್ದಾರೆ, ಬೇಗ ಬೇಗ. ನಾನು ಅಂಗಿ ಬದಲಾಯಿಸೋ ಹೊತ್ತಿಗೆ ನಿಮ್ಮಮ್ಮ ಈ ಕಾಗದ ಪೂರ್ತಿ ಓದಿಬಿಟ್ಟಳು. ಅವಳು ಹಾಗೆ ಸಿಟ್ಟಾಗಿದ್ದು ನಾನು ನೋಡೇ ಇಲ್ಲ. ‘ನನ್ ಮಗ್ಳು ನಂಗೋಸ್ಕರ ಕೆಲ್ಸ ಬುಟ್ಟು ಬಂದು, ನನ್ ಮುಂದೆ ದಿನಾ ಮಖ ಇಳಿಬುಟ್ಕಂಡು ಕೂತ್ರೆ, ನಾನು ವಾಸಿಯಾಗಿ ಯಾರ ಮಖ ನೋಡ್ಲಿ? ಕಾಯಿಲೆ ನಂಗೆ ಬಂದೈತೆ, ಅವ್ಳ ಕೆಲ್ಸಕ್ಕೆ ಬಂದಿಲ್ಲ’ ಅಂದಳು. ‘ಬಾ ಅಂತ್ಲೂ ಇಲ್ಲ, ಬ್ಯಾಡ ಅಂತ್ಲೂ ಇಲ್ಲ, ಇದೂ ಒಂದು ಕಾಗ್ದವಾ?’ ಅಂತ ನನ್ನ ಮುಖಕ್ಕೇ ಹಿಡಿದಳು. ಅವಳು ಹೇಳಿದ್ದನ್ನ ಹಾಗೇ ಬರೀತಿದ್ದೀನಿ: ರಾಜೀನಾಮೆ ಕೊಡಬೇಡ. ಬರೆದಿದ್ದರೆ ಹರಿದುಹಾಕು. ಕೊನೆ ಕೀಮೋ ಡಿಸೆಂಬರ್ ಕೊನೆಗೆ ಮುಗಿಯುತ್ತೆ, ಸಂಕ್ರಾಂತಿಗೆ ರಜಾ ಹಾಕಿ ಬಾ, ರಜಾ ಮುಗಿದ ದಿನ ವಾಪಸ್ ಹೋಗು. ಇದು ಅವಳ ಮಾತು, ಈಗ ನನ್ನದೂ. ಕೆಳಗಿಳಿದ ತಕ್ಷಣ ಫೋನ್ ಮಾಡು. ನಾನು ತೆಗೆದರೆ ಮಾತಾಡಬೇಡ, ಅಮ್ಮನ ಕೈಗೆ ಕೊಡು ಅನ್ನು. ಇನ್ನು ಮೇಲೆ ಅವಳ ಕಾಯಿಲೆ ಸುದ್ದಿ ಅವಳೇ ಹೇಳ್ತಾಳಂತೆ.